ತುಂಬಿದ ಪೆನ್ನು ತುಳುಕುವುದಿಲ್ಲ



ನಿಮ್ಮ ಮನೆಯ ಹಳೆಯ ಟ್ರಂಕಿನಲ್ಲೋ, ಮೇಜಿನ ಖಾನೆಯಲ್ಲೋ, ತೀರಿಕೊಂಡ ತಂದೆಯವರ ಕನ್ನಡಕದ ಡಬ್ಬಿಯ ಪಕ್ಕದಲ್ಲೋ ಒಂದು ಇಂಕ್ ಪೆನ್ನು ಇದ್ದೀತು. ಈ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಹೋದ ಮೇಲೆ ಅದನ್ನೊಮ್ಮೆ ಹುಡುಕಿ ನೋಡಿ. ಮುಚ್ಚಳ ಬಿಚ್ಚಿ. ಅದು ಸುಲಭವಾಗಿ ಬಿಚ್ಚಿಕೊಳ್ಳಲಾರದು. ತಿರುಪಿನ ಸುತ್ತುಗಳಲ್ಲಿ ಮಸಿ ಒಣಗಿ ಅಂಟಿಕೊಂಡಿರುತ್ತದೆ. ಕಾಗದದ ಮೇಲೆ ಎಳೆದರೆ ಕರಕರ ಸದ್ದು ಬಂದೀತೇ ಹೊರತು ಅಕ್ಷರ ಮೂಡದು. ಆದರೂ 'ಹಾಳಾಗಿದೆ' ಎಂದು ಎಸೆಯಬೇಡಿ. ಬಹುಮಟ್ಟಿಗೆ ಅದು ಹಾಳಾಗಿರುವುದಿಲ್ಲ, ಒಣಗಿರುತ್ತದೆ, ಅಷ್ಟೇ. ಹಾಳಾಗುವುದಕ್ಕೂ ಒಣಗುವುದಕ್ಕೂ ಇರುವ ವ್ಯತ್ಯಾಸವನ್ನು ಕುರಿತು ಈ ವಾರ ನಿಮ್ಮೊಂದಿಗೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ನನ್ನ ವಯಸ್ಸಿನವರಿಗೆ ಇಂಕ್ ಪೆನ್ನಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಸ್ಲೇಟು ಮುಗಿದು, ಪೆನ್ಸಿಲು ಮುಗಿದು, ಮೇಷ್ಟ್ರು 'ನಾಳೆಯಿಂದ ಪೆನ್ನು ತನ್ನಿ' ಎಂದ ದಿನ ನಾವು ದೊಡ್ಡವರಾದೆವೆಂದು ಭಾವಿಸಿದವರು ನಾವು. ಬೆರಳೆಲ್ಲ ನೀಲಿ, ಅಂಗಿಯ ಜೇಬಿನ ಮೂಲೆ ನೀಲಿ. ಪುಟದ ಮೇಲೆ ಮಸಿ ಚೆಲ್ಲಿದರೆ ಸೀಮೆಸುಣ್ಣದ ತುಂಡನ್ನು ಉರುಳಿಸಿ ಹೀರಿಸುತ್ತಿದ್ದೆವು. ಪರೀಕ್ಷೆಯ ನಡುವೆ ಮಸಿ ಮುಗಿದರೆ ಪಕ್ಕದವನಿಂದ ಹನಿ ಲೆಕ್ಕದಲ್ಲಿ ಸಾಲ. ಅವನು ತನ್ನ ಪೆನ್ನಿನ ಕತ್ತು ಬಿಚ್ಚಿ ನಮ್ಮದಕ್ಕೆ ನಾಲ್ಕು ಹನಿ ಬಿಡುತ್ತಿದ್ದ. ಮರುದಿನ ನಾಲ್ಕೇ ಹನಿ ವಾಪಸ್ಸು. ಹತ್ತು ಕನ್ಯೆಯರ ಸಾಮತಿಯನ್ನು ಧರ್ಮೋಪದೇಶದಲ್ಲಿ ಕೇಳಿದಾಗಲೆಲ್ಲ ನನಗೆ ಒಂದು ತಕರಾರಿತ್ತು: ಆ ಐವರು ಜಾಣೆಯರು ಎರಡೆರಡು ಹನಿ ಎಣ್ಣೆ ಕೊಡಬಾರದಿತ್ತೇ, ನಮ್ಮ ತರಗತಿಯ ದಡ್ಡರೇ ಕೊಡುತ್ತಿದ್ದರಲ್ಲ! ಅದಕ್ಕೆ ಉತ್ತರ ಗುರುಮಠಕ್ಕೆ ಹೋದ ಮೇಲೆ ಸಿಕ್ಕಿತು. ಅದು ಬೇರೆಯ ವಿಷಯ, ಇನ್ನೊಮ್ಮೆ ಹೇಳುತ್ತೇನೆ.

ಈ ಪೆನ್ನು ಹೇಗೆ ಕೆಲಸ ಮಾಡುತ್ತದೆಂದು ಎಂದಾದರೂ ಯೋಚಿಸಿದ್ದೀರಾ? ಮೇಲೆ ಮಸಿ ತುಂಬಿದ ಕೊಳವೆ. ಕೆಳಗೆ ಸೀಳಿರುವ ನಿಬ್ಬು. ನಡುವೆ, ನಿಬ್ಬಿನ ಹೊಟ್ಟೆಗೆ ಒತ್ತಿಕೊಂಡಂತೆ, ಸಣ್ಣ ಕಾಲುವೆಗಳನ್ನು ಕೊರೆದ ಒಂದು ಕಪ್ಪು ತುಂಡು. ನಾವು ಅದನ್ನು ನಾಲಿಗೆ ಎನ್ನುತ್ತಿದ್ದೆವು. ಇಡೀ ಪೆನ್ನಿನ ಜೀವ ಇರುವುದು ಆ ನಾಲಿಗೆಯಲ್ಲಿ. 1884ರಲ್ಲಿ ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದದ್ದು ಮುಖ್ಯವಾಗಿ ಇದಕ್ಕೇ. ಅದಕ್ಕೆ ಮೊದಲೂ ಒಳಗೆ ಮಸಿ ತುಂಬುವ ಪೆನ್ನುಗಳಿದ್ದವು. ಆದರೆ ಒಂದೋ ಬರೆಯುತ್ತಿರಲಿಲ್ಲ, ಇಲ್ಲವೇ ಒಮ್ಮೆಗೇ ಸುರಿದುಬಿಡುತ್ತಿದ್ದವು. ಹನಿ ಮಸಿ ಕೆಳಗಿಳಿದರೆ ಅಷ್ಟೇ ಗಾಳಿ ಮೇಲೇರಬೇಕು. ಗಾಳಿಗೆ ದಾರಿಯಿಲ್ಲದಿದ್ದರೆ ಕೊಳವೆ ತುಂಬ ಮಸಿ ಇದ್ದರೂ ನಿಬ್ಬು ಒಣಗಿರುತ್ತದೆ. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಉಸಿರಿಗೂ ಗಾಳಿಗೂ ಆತ್ಮಕ್ಕೂ ಒಂದೇ ಪದ. ದಿನಕ್ಕೆ ನೂರು ಮಾತು ಹೊರಗೆ ಬಿಡುವ ನಮಗೆ, ಹತ್ತು ನಿಮಿಷ ಸುಮ್ಮನೆ ಕುಳಿತು ದೇವರ ಉಸಿರನ್ನು ಒಳಗೆ ಎಳೆದುಕೊಳ್ಳಲು ಪುರುಸೊತ್ತಿಲ್ಲ. ಆಮೇಲೆ 'ಏನೂ ತೋಚುತ್ತಿಲ್ಲ ಸ್ವಾಮಿ, ಒಳಗೆಲ್ಲ ಒಣಗಿದ ಹಾಗಿದೆ' ಎನ್ನುತ್ತೇವೆ.

ನಿಬ್ಬಿನ ಸೀಳನ್ನೂ ನೋಡಿ. ಎರಡು ಎಸಳು ಒಂದಕ್ಕೊಂದು ತೀರ ಬಿಗಿದುಕೊಂಡರೆ ನಡುವೆ ಮಸಿ ಹರಿಯದು. ತೀರ ಅಗಲಿದರೆ ಮಸಿ ತುದಿಯನ್ನು ಮುಟ್ಟದು. ಕೂದಲೆಳೆಯಷ್ಟು ಜಾಗ ಬಿಟ್ಟು ತುದಿಯಲ್ಲಿ ಕೂಡಿಕೊಂಡಿರಬೇಕು. ವಿವಾಹದ ಸಿದ್ಧತೆಗೆ ಬರುವ ಜೋಡಿಗಳಿಗೆ ನಾನು ಇದನ್ನು ತೋರಿಸುವುದುಂಟು. ಅವರು ನಗುತ್ತಾರೆ. ಅವರಲ್ಲಿ ಅನೇಕರು ನಿಬ್ಬನ್ನು ನೋಡಿರುವುದಿಲ್ಲ ಎಂಬುದು ಬೇರೆ ಮಾತು.

ಬಾಲ್ ಪೆನ್ನನ್ನು ಒತ್ತಿ ಬರೆಯಬೇಕು. ಅದರ ಮಸಿ ಎಣ್ಣೆಯಂತೆ ಗಟ್ಟಿ. ತುದಿಯ ಗುಂಡು ಉರುಳಿದರೆ ಮಾತ್ರ ಇಳಿಯುತ್ತದೆ. ಇಂಕ್ ಪೆನ್ನಿನ ಮಸಿ ನೀರಿನಂಥದ್ದು. ನಿಬ್ಬು ಕಾಗದವನ್ನು ಸೋಕಿದರೆ ಸಾಕು, ತಾನಾಗಿ ಇಳಿಯುತ್ತದೆ. ಅಭ್ಯಾಸವಿಲ್ಲದವರು ಅದನ್ನೂ ಒತ್ತುತ್ತಾರೆ. ಎಸಳುಗಳು ಅಗಲಿ ಮತ್ತೆ ಕೂಡುವುದಿಲ್ಲ. ಮಸಿ ನಿಂತರೆ ನಾವು ಹುಡುಗರು ಮಾಡುತ್ತಿದ್ದ ಇನ್ನೊಂದು ಅನಾಹುತವೆಂದರೆ ಅರ್ಧ ಬ್ಲೇಡನ್ನು ಸೀಳಿನೊಳಗೆ ತೂರಿಸಿ ಎಳೆಯುವುದು. ಆ ದಿನಕ್ಕೆ ಮಸಿ ಬರುತ್ತಿತ್ತು, ನಿಜ. ವಾರದೊಳಗೆ ನಿಬ್ಬು ಕಾಗದವನ್ನು ಹರಿಯತೊಡಗುತ್ತಿತ್ತು. ತಂದೆತಾಯಂದಿರೇ, ಮಾತನಾಡದೆ ಮುಖ ತಿರುಗಿಸಿಕೊಂಡ ಹದಿನೈದರ ಹುಡುಗನ ಮುಂದೆ ನೀವು ಹಿಡಿಯುವುದು ಯಾವುದು? ಅಂಕಪಟ್ಟಿ ಹಿಡಿದುಕೊಂಡು, ಪಕ್ಕದ ಮನೆಯ ಹುಡುಗನ ಹೆಸರೆತ್ತಿ, ಊಟದ ತಟ್ಟೆಯ ಮುಂದೆಯೇ ನೀವು ಆಡುವ ಮಾತು ಆ ಬ್ಲೇಡೇ. ಅವನು ಆ ಹೊತ್ತಿಗೆ ಬಾಯಿ ಬಿಟ್ಟಾನು. ಬಿಟ್ಟದ್ದು ಏನನ್ನು ಎಂದು ಆಮೇಲೆ ತಿಳಿಯುತ್ತದೆ.

ಇನ್ನು ಶೀರ್ಷಿಕೆಯ ವಿಷಯಕ್ಕೆ ಬರುತ್ತೇನೆ. ಫಿಲ್ಲರಿನಿಂದ ಕೊಳವೆಗೇ ಮಸಿ ತುಂಬುವ ಹಳೆಯ ಪೆನ್ನುಗಳನ್ನು ಬಳಸಿದವರಿಗೆಲ್ಲ ಗೊತ್ತು, ಅವು ಕಕ್ಕುತ್ತವೆ. ಯಾವಾಗ? ತುಂಬಿದ್ದಾಗಲ್ಲ. ಮಸಿ ತಳ ಕಂಡಾಗ. ಕಾರಣ ಸರಳ. ಮಸಿ ಕಡಿಮೆಯಾದಷ್ಟೂ ಕೊಳವೆಯಲ್ಲಿ ಗಾಳಿ ಹೆಚ್ಚು. ಬರೆಯುವ ಕೈಯ ಬಿಸಿಗೆ ಆ ಗಾಳಿ ಹಿಗ್ಗುತ್ತದೆ. ಹಿಗ್ಗಿ, ಉಳಿದ ಸ್ವಲ್ಪ ಮಸಿಯನ್ನೇ ದಬ್ಬಿ, ಚೆನ್ನಾಗಿ ಬರೆದಿದ್ದ ಪುಟದ ನಟ್ಟನಡುವೆ ದೊಡ್ಡ ಹನಿ ಬೀಳಿಸುತ್ತದೆ. ಆದ್ದರಿಂದ ಬಲ್ಲವರು ಕಾಲುಭಾಗ ಉಳಿದಿರುವಾಗಲೇ ಮತ್ತೆ ತುಂಬಿಸುತ್ತಿದ್ದರು. ತುಂಬಿದ ಕೊಡ ತುಳುಕುವುದಿಲ್ಲ ಎಂದು ನಮ್ಮ ಹಿರಿಯರು ನೀರು ಹೊರುವ ಹೆಂಗಸರನ್ನು ನೋಡಿ ಹೇಳಿದರು. ಪೆನ್ನಿಗೂ ಅದೇ ಮಾತು. ಒಳಗೆ ಬರಿದಾದ ಮನುಷ್ಯ ಸಣ್ಣ ಬಿಸಿಗೆ ಕಕ್ಕುತ್ತಾನೆ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ.

ಗುರುಮಠಕ್ಕೆ ಸೇರುವಾಗ ನಮ್ಮ ಅವ್ವ ಒಂದು ಪೆನ್ನು ಕೊಡಿಸಿದ್ದರು. ಕೋಳಿ ಮೊಟ್ಟೆ ಮಾರಿ ಕೂಡಿಟ್ಟ ದುಡ್ಡು, ಸಂತೆಯಲ್ಲಿ ಕೊಂಡದ್ದು. ಎಬೊನೈಟಿನ ಕಪ್ಪು ಪೆನ್ನು, ಫಿಲ್ಲರಿನಿಂದ ಮಸಿ ತುಂಬುವಂಥದ್ದು. ನಾನು ಆಗ ಚಿಕ್ಕವನು, ಮಸಿ ಚೆಲ್ಲುತ್ತಿದ್ದೆ. ಹೊರಡುವ ದಿನ ಬೆಳಿಗ್ಗೆ ಅಂಗಳದಲ್ಲಿ ಕುಳಿತು ಮೊದಲ ಬಾರಿ ಅದಕ್ಕೆ ಮಸಿ ತುಂಬಿಸಿಕೊಟ್ಟವನು ಅಣ್ಣ. ಅವ್ವನಿಗೆ ಓದು ಬರಹ ಬಾರದು. ನನ್ನ ಪತ್ರಗಳನ್ನು ಅಣ್ಣನೇ ಓದಿ ಹೇಳುತ್ತಿದ್ದ.

ವರ್ಷಗಳು ಕಳೆದು ಅವ್ವ ಹಾಸಿಗೆ ಹಿಡಿದರು. ನಾನಿದ್ದ ಧರ್ಮಕೇಂದ್ರ ದೂರ. ವರ್ಷಕ್ಕೆ ಎರಡು ಸಲ ಊರಿಗೆ ಹೋದರೆ ಹೆಚ್ಚು. ಒಂದು ದಿನ ನೆಂಟರೊಬ್ಬರು ಬಂದು, 'ನಿಮ್ಮ ತಾಯಿಯನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲವಂತೆ' ಎಂದು ಹೇಳಿಹೋದರು. ಆ ವಾರ ನನಗೆ ನಿದ್ದೆಯಿರಲಿಲ್ಲ, ಶಾಲೆಯ ಕಟ್ಟಡದ ತಾಪತ್ರಯ, ಪ್ರಾರ್ಥನೆಯನ್ನು ಓಡುತ್ತಲೇ ಮುಗಿಸುತ್ತಿದ್ದೆ. ಕೊಳವೆಯಲ್ಲಿ ಮಸಿಯೇ ಇರಲಿಲ್ಲವೆನ್ನಿ. ಆ ರಾತ್ರಿ ಅವ್ವ ಕೊಟ್ಟ ಪೆನ್ನಿನಿಂದಲೇ ಅಣ್ಣನಿಗೆ ಮೂರು ಪುಟ ಬರೆದೆ. ನನ್ನ ಮೇಜಿನ ಮೇಲ್ಗಡೆ ಸಂತ ಫ್ರಾನ್ಸಿಸ್ ಸಾಲೆಸರ ಚಿತ್ರವಿತ್ತು. 1923ರಲ್ಲಿ ಧರ್ಮಸಭೆ ಅವರನ್ನು ಬರಹಗಾರರ ಪಾಲಕರೆಂದು ಸಾರಿತು. ಅವರು ನೋಡುತ್ತಿರುವಂತೆಯೇ ಬರೆದೆ. ಏನು ಬರೆದೆನೆಂದು ಇಲ್ಲಿ ಹೇಳಲಾರೆ. ಮೊದಲ ಪೂಜೆಗೆ ಮುಂಚೆ ಅಂಚೆಡಬ್ಬಿಗೆ ಹಾಕಿಯೂ ಆಯಿತು.

ಆ ಪತ್ರವನ್ನು ಅತ್ತಿಗೆ ಓದಿದರು. ಎಂಟು ತಿಂಗಳಿನಿಂದ ಅವ್ವನ ಹಾಸಿಗೆ ಬಟ್ಟೆಯನ್ನು ದಿನಕ್ಕೆರಡು ಬಾರಿ ಒಗೆಯುತ್ತಿದ್ದವರು ಅವರು. ಅದು ನನಗೆ ತಿಳಿದದ್ದು ಅವ್ವನ ಮಣ್ಣಿನ ದಿನ, ಅಕ್ಕಪಕ್ಕದ ಹೆಂಗಸರ ಬಾಯಿಂದ. ಅಣ್ಣ ಜಗಳವಾಡಲಿಲ್ಲ. ಬೇಕಾದಷ್ಟು ಮಾತ್ರ ಮಾತನಾಡಿದ. ಗುರುದೀಕ್ಷೆಯಾದ ಮೇಲೆ ನಮ್ಮ ಕಡೆಯ ರೂಢಿಯಂತೆ ಅವನು ನನ್ನನ್ನು 'ಸ್ವಾಮಿ' ಎಂದೇ ಕರೆಯುತ್ತಿದ್ದ. ಆ ದಿನ ಆ 'ಸ್ವಾಮಿ' ಎಂಬ ಪದ ನನ್ನನ್ನು ಬಾಗಿಲಾಚೆ ನಿಲ್ಲಿಸಿತು. ಹಿಂದಿರುಗಿ ಬಂದವನು ಪೆನ್ನಿನ ಮುಚ್ಚಳ ಬಿಗಿದು ಖಾನೆಯೊಳಗೆ ಇಟ್ಟೆ. ನಾಲ್ಕು ವರ್ಷ ತೆಗೆಯಲಿಲ್ಲ.

ನಮ್ಮ ದೇಶದಲ್ಲಿ ಮರಣದಂಡನೆಯ ತೀರ್ಪಿಗೆ ಸಹಿ ಹಾಕಿದ ನ್ಯಾಯಾಧೀಶರು ಆ ಪೆನ್ನಿನ ನಿಬ್ಬನ್ನು ಮುರಿಯುವ ರೂಢಿಯೊಂದಿದೆ. ಕಾನೂನಿನಲ್ಲಿ ಹೇಳಿದ್ದಲ್ಲ, ಬಂದ ಪದ್ಧತಿ. ಒಂದು ಜೀವ ತೆಗೆದ ಪೆನ್ನು ಇನ್ನೊಂದನ್ನು ಬರೆಯದಿರಲಿ ಎಂಬ ಭಾವನೆ ಇರಬಹುದು. ನಾನೂ ಹಾಗೆಯೇ ಪ್ರಾಯಶ್ಚಿತ್ತ ಮಾಡುತ್ತಿದ್ದೇನೆಂದು ನನಗೆ ನಾನೇ ಹೇಳಿಕೊಂಡೆ. ನಿಜಕ್ಕೂ ಅದು ಪಿಲಾತನ ಹಠ. ಶಿಲುಬೆಯ ಮೇಲಿನ ಫಲಕವನ್ನು ಬದಲಿಸಿ ಎಂದವರಿಗೆ ಪಿಲಾತ ಬರೆದದ್ದನ್ನು ತಿದ್ದುವುದಿಲ್ಲವೆಂದ. ತಿದ್ದಲು ಯಾಕಾಗದು? ಧರ್ಮಸಭೆ 1992ರಲ್ಲಿ ಪ್ರಕಟಿಸಿದ ತನ್ನ ಧರ್ಮೋಪದೇಶ ಗ್ರಂಥದಲ್ಲಿ ಮರಣದಂಡನೆಗೆ ಸ್ವಲ್ಪ ಎಡೆ ಬಿಟ್ಟಿತ್ತು. 2018ರಲ್ಲಿ ಜಗದ್ಗುರು ಫ್ರಾನ್ಸಿಸರು ಅದರ 2267ನೆಯ ಕಂಡಿಕೆಯನ್ನೇ ತಿದ್ದಿಸಿ, ಆ ಶಿಕ್ಷೆ ಒಪ್ಪತಕ್ಕದ್ದಲ್ಲವೆಂದು ಬರೆಸಿದರು. ಧರ್ಮಸಭೆಯೇ ತಿದ್ದಿ ಬರೆಯಬಹುದಾದರೆ ನಾನು ಯಾವ ದೊಡ್ಡವನು?

ಆ ತಪಸ್ಸುಕಾಲದಲ್ಲಿ ಫಿಲೆಮೋನನಿಗೆ ಬರೆದ ಪತ್ರವನ್ನು ಓದುವ ಸಂದರ್ಭ ಬಂತು. ಸಂತ ಪೌಲರ ಪತ್ರಗಳಲ್ಲೆಲ್ಲ ಚಿಕ್ಕದು, ಒಂದೇ ಅಧ್ಯಾಯ, 25 ವಾಕ್ಯ. ಬಲಿಪೂಜೆಯಲ್ಲಿ ಅಪರೂಪಕ್ಕೆ ಓದುವುದರಿಂದ ನಿಮ್ಮಲ್ಲಿ ಕೆಲವರಿಗೆ ನೆನಪಿಲ್ಲದೆ ಇರಬಹುದು. ಒನೇಸಿಮನೆಂಬ ಗುಲಾಮ ಯಜಮಾನ ಫಿಲೆಮೋನನಿಂದ ದೂರವಾಗಿ ಬಂದು, ಸೆರೆಯಲ್ಲಿದ್ದ ಪೌಲರ ಬಳಿ ಕ್ರೈಸ್ತನಾದ. ಅವನನ್ನು ಪೌಲರು ಹಿಂದಕ್ಕೆ ಕಳುಹಿಸುತ್ತಾರೆ, ಕೈಯಲ್ಲಿ ಈ ಪತ್ರ ಕೊಟ್ಟು. ಪೌಲರು ಸಾಮಾನ್ಯವಾಗಿ ಹೇಳಿ ಬರೆಸುತ್ತಿದ್ದವರು. ರೋಮನರಿಗೆ ಬರೆದ ಪತ್ರದ ಕೊನೆಯಲ್ಲಿ ಬರೆದುಕೊಂಡ ತೆರ್ತಿಯನೇ ತನ್ನ ಹೆಸರು ಹೇಳಿ ವಂದನೆ ತಿಳಿಸುತ್ತಾನೆ. ಆದರೆ ಈ ಪತ್ರದ ಒಂದು ಕಡೆ, ಒನೇಸಿಮನಿಂದ ಏನಾದರೂ ನಷ್ಟವಾಗಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎನ್ನುವಾಗ, ಇದನ್ನು ನನ್ನ ಕೈಯಾರೆ ಬರೆಯುತ್ತಿದ್ದೇನೆ ಎಂದು ಒತ್ತಿ ಹೇಳುತ್ತಾರೆ. ಇನ್ನೊಬ್ಬನ ಸಾಲ ಹೊರುವ ಮಾತನ್ನು ಇನ್ನೊಬ್ಬರ ಕೈಯಲ್ಲಿ ಬರೆಸಲು ಅವರಿಗೆ ಮನಸ್ಸಾಗಲಿಲ್ಲ. ಕೊನೆಗೆ, ನಾನು ಬರುವೆನೆಂದು ನಿರೀಕ್ಷಿಸಿ ಒಂದು ಕೋಣೆ ಅಣಿಮಾಡಿಡು ಎಂದೂ ಸೇರಿಸುತ್ತಾರೆ. ಆ ಮಾತು ನನ್ನನ್ನು ಹಿಡಿಯಿತು. ನಾನು ಊರಿಗೆ ಹೋದರೆ ನನಗೊಂದು ಕೋಣೆ ಇದೆಯೇ?

ಅಂದಿನ ಮಸಿ ದೀಪದ ಕಾಡಿಗೆಗೆ ಅಂಟು ಬೆರೆಸಿ ಮಾಡಿದ್ದು. ನಮ್ಮಲ್ಲಿಯೂ ಪಾತ್ರೆಯ ತಳದ ಕಪ್ಪಿಗೂ ಬರೆಯುವುದಕ್ಕೂ ಮಸಿ ಎಂಬ ಒಂದೇ ಹೆಸರಲ್ಲವೇ? ಆ ಮಸಿ ಹಾಳೆಯೊಳಗೆ ಇಳಿಯದೆ ಮೇಲೆಯೇ ಕೂರುತ್ತಿತ್ತು. ಒದ್ದೆ ಮಾಡಿ ಒರೆಸಿದರೆ ಹೋಗುತ್ತಿತ್ತು. ಫಿಲೆಮೋನನ ಊರೆನ್ನಲಾದ ಕೊಲೊಸ್ಸೆಯ ಸಭೆಗೆ ಬರೆದ ಪತ್ರದಲ್ಲಿ, ನಮ್ಮ ವಿರುದ್ಧವಿದ್ದ ಸಾಲಪತ್ರವನ್ನು ದೇವರು ಅಳಿಸಿದರೆಂದು ಹೇಳಿರುವಾಗ ಕೇಳಿದವರ ಕಣ್ಣಿಗೆ ಕಟ್ಟಿದ್ದು ಆ ಒದ್ದೆ ಬಟ್ಟೆಯೇ ಇರಬೇಕು.

ಪೆನ್ನು ತೆಗೆದೆ. ಮುಚ್ಚಳ ಅಲುಗಲಿಲ್ಲ. ಇಕ್ಕಳ ಹಿಡಿಯಬೇಡಿ, ಓದುಗರೇ. ಎಬೊನೈಟು ಬಿರುಕು ಬಿಡುತ್ತದೆ. ಬಿಸಿನೀರಿಗೂ ಹಾಕಬೇಡಿ, ಕಪ್ಪು ಹೋಗಿ ಕಂದಾಗುತ್ತದೆ, ನಾಲಿಗೆ ಸೊಟ್ಟಗಾಗುತ್ತದೆ. ಸ್ಪಿರಿಟ್ಟೂ ಬೇಡ. ಲೋಟದಲ್ಲಿ ತಣ್ಣೀರು, ಮುಳುಗುವಷ್ಟು. ಮೊದಲ ದಿನ ನೀರು ಕಪ್ಪುನೀಲಿಯಾಯಿತು, ಮುಚ್ಚಳ ಸಡಿಲವಾಯಿತು. ನೀರು ಬದಲಿಸಿದೆ. ಎರಡನೆಯ ದಿನ ಕತ್ತು ಬಿಚ್ಚಿಕೊಂಡಿತು. ಕೊಳವೆಯೊಳಗೆ ಮಸಿ ಹೆಪ್ಪುಗಟ್ಟಿ ಸಿಪ್ಪೆಯಂತೆ ಕೂತಿತ್ತು. ಫಿಲ್ಲರಿನಲ್ಲಿ ನೀರು ತೆಗೆದು ನಾಲಿಗೆಯ ಹಿಂದಿನಿಂದ ಬಿಟ್ಟೆ. ಮತ್ತೆ ನೀರು. ಸಾಕಾಯಿತೆಂದುಕೊಂಡರೆ ಮೂರನೆಯ ದಿನವೂ ನೀಲಿ ಬಿಡುತ್ತಲೇ ಇತ್ತು. ಪಾಪನಿವೇದನೆಗೆ ಬಂದವರಿಗೆ ನಾನು ಎಷ್ಟೋ ಸಲ ಅವಸರ ಮಾಡಿದ್ದೇನೆ, 'ಇನ್ನೇನಾದರೂ ಇದೆಯೇ?' ಎಂದು ಗಡಿಯಾರ ನೋಡುತ್ತ. ನೆನೆಯಲು ಬಿಡುವುದೇ ತೊಳೆಯುವುದರ ಮುಕ್ಕಾಲು ಕೆಲಸ. ಐದನೆಯ ದಿನ ನೀರು ತಿಳಿಯಾಗಿ ನಿಂತಿತು. ಮೆತ್ತನೆಯ ಬಟ್ಟೆಯ ಮೇಲೆ ನಿಬ್ಬು ಕೆಳಗಾಗಿ ಒಂದು ರಾತ್ರಿ ಒಣಗಿಸಿದೆ.

ದಿನವೂ ಬರೆಯುವ ಪೆನ್ನಿಗೆ ಇಷ್ಟೆಲ್ಲ ಬೇಡ. ತಿಂಗಳಿಗೊಮ್ಮೆ ತಣ್ಣೀರು, ಬೇರೆ ಮಸಿ ಹಾಕುವ ಮುನ್ನ ಒಂದು ಸಲ ತೊಳೆತ, ಬರೆದ ಕೂಡಲೇ ಮುಚ್ಚಳ, ಜೇಬಿನಲ್ಲಿ ನಿಬ್ಬು ಮೇಲಾಗಿ. ಚಿತ್ರ ಬರೆಯುವ ಗಟ್ಟಿ ಕಪ್ಪು ಶಾಯಿಯನ್ನು ಮಾತ್ರ ಎಂದೂ ಹಾಕಬೇಡಿ. ಅದರಲ್ಲಿರುವ ಅರಗು ಒಣಗಿದರೆ ನೀರಿಗೆ ಕರಗದು. ಬಹಳ ದಿನ ಬರೆಯುವುದಿಲ್ಲವೆಂದು ಗೊತ್ತಿದ್ದರೆ ಮಸಿ ಚೆಲ್ಲಿ, ತೊಳೆದು ಇಡಿ. ನಾನು ಮಾಡಬೇಕಿದ್ದದ್ದು ಅದನ್ನೇ.

ಪತ್ರ ಅಣ್ಣನಿಗೆ ಬರೆಯಲಿಲ್ಲ. ಅತ್ತಿಗೆಯವರ ಹೆಸರಿಗೆ ಬರೆದೆ. ಮೂರು ಪುಟ ಹೊಡೆದು ಹಾಕಿದ ಮೇಲೆ ಉಳಿದದ್ದು ಏಳು ಸಾಲು. 'ಆದರೆ' ಎಂಬ ಪದ ಎಲ್ಲಿಯೂ ಬಾರದಂತೆ ನೋಡಿಕೊಂಡೆ. ಕ್ಷಮೆ ಕೇಳುವ ಪತ್ರದಲ್ಲಿ ಆ ಪದ ಬಂದರೆ ಮತ್ತೆ ಬ್ಲೇಡು ತೂರಿಸಿದ ಹಾಗೆ. ಫೋನು ಮಾಡಬಹುದಿತ್ತು, ನಿಮಿಷದ ಕೆಲಸ. ನೋಯಿಸಿದ್ದು ನನ್ನ ಕೈಬರಹ, ಅದಕ್ಕಾಗಿ ಕೈಯಾರೆ ಬರೆದೆ.

ಉತ್ತರ ಬರಲಿಲ್ಲ. ಪಾಸ್ಕ ಹಬ್ಬ ಕಳೆದು ಮೂರನೆಯ ವಾರ, ಮಧ್ಯಾಹ್ನದ ಬಸ್ಸಿಗೆ ಅಣ್ಣ ಬಂದ. ಹೆಗಲ ಮೇಲೆ ಹಲಸಿನ ಹಣ್ಣು, ಕೈಯಲ್ಲಿ ಅತ್ತಿಗೆ ಕಟ್ಟಿಕೊಟ್ಟ ಚಕ್ಕುಲಿಯ ಡಬ್ಬ. ಪತ್ರದ ಮಾತೆತ್ತಲಿಲ್ಲ. ಊಟ ಮಾಡಿದ, ಮಳೆಯ ವಿಷಯ ಹೇಳಿದ, ಗುರುನಿವಾಸದ ಜಗಲಿಯಲ್ಲಿ ಸ್ವಲ್ಪ ಮಲಗಿದ. ಎದ್ದು ಚಹಾ ಕುಡಿಯುವಾಗ ಮೇಜಿನ ಮೇಲಿದ್ದ ಪೆನ್ನು ಕಣ್ಣಿಗೆ ಬಿತ್ತು. ತೆಗೆದುಕೊಂಡು ತಿರುಗಿಸಿ ನೋಡಿದ. ಕತ್ತು ಬಿಚ್ಚಿ ಕೊಳವೆಯನ್ನು ಬೆಳಕಿಗೆ ಹಿಡಿದ.

'ತಳ ಕಂಡಿದೆಯಲ್ಲೋ' ಎಂದ. 'ಫಿಲ್ಲರ್ ಎಲ್ಲಿಟ್ಟಿದ್ದೀಯ?'